ಜಾಲತಾಣಕ್ಕೆ ಪಾವತಿ ಫಾರ್ಮ್: ಹಣ ಬಂದಿದೆ ಎಂದು ಯಾರ ಮಾತು ನಂಬಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸಣ್ಣ ಪ್ರಕಾಶನ ನಡೆಸುತ್ತಿದ್ದೀರಿ. ಓದುಗರು ಯುಪಿಐನಲ್ಲಿ ಹಣ ಹಾಕಿ ವಾಟ್ಸ್‌ಆ್ಯಪ್‌ಗೆ ಸ್ಕ್ರೀನ್‌ಶಾಟ್ ಕಳುಹಿಸುತ್ತಾರೆ. ಅವನ್ನು ಬ್ಯಾಂಕ್ ಖಾತೆಯ ಜೊತೆ ತಾಳೆ ನೋಡುವುದರಲ್ಲೇ ನಿಮ್ಮ ಸಂಜೆ ಕಳೆದುಹೋಗುತ್ತಿದೆ. ಕಾರ್ಡ್ ಸಂಖ್ಯೆ ಕೇಳುವ ಫಾರ್ಮ್ ಒಂದನ್ನು ನೀವೇ ಬರೆದು ಜಾಲತಾಣಕ್ಕೆ ಹಾಕಬಹುದೇ, ಅದಕ್ಕೆ ಪಿಎಚ್‌ಪಿ (ಜಾಲತಾಣ ಕಟ್ಟಲು ಬಳಸುವ ಕಂಪ್ಯೂಟರ್ ಭಾಷೆ) ತಕ್ಕಮಟ್ಟಿಗೆ ಗೊತ್ತಿದ್ದರೆ ಸಾಕೇ ಎಂದು ಕೇಳಿದ್ದೀರಿ.

ಪಿಎಚ್‌ಪಿ ಅಷ್ಟು ಗೊತ್ತಿದ್ದರೆ ಸಾಕು. ಆದರೆ ಕಾರ್ಡ್ ಸಂಖ್ಯೆ ತುಂಬುವ ಚೌಕಗಳನ್ನು ಮಾತ್ರ ನೀವು ಬರೆಯಬೇಡಿ. ಆ ಸಂಖ್ಯೆ ನಿಮ್ಮ ಸರ್ವರ್ ಮೂಲಕ ಹಾದುಹೋದರೆ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ನಿಯಮಾವಳಿಯ ಭಾರವೆಲ್ಲ ನಿಮ್ಮ ತಲೆಯ ಮೇಲೆ ಬರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಉಳಿಸಿಟ್ಟುಕೊಳ್ಳುವಂತೆಯೂ ಇಲ್ಲ. ಓದುಗರ ಹೆಸರು, ವಿಳಾಸ, ಪಿನ್‌ಕೋಡ್, ಮೊಬೈಲ್ ಸಂಖ್ಯೆ ಕೇಳುವ ಫಾರ್ಮ್ ನಿಮ್ಮದಾಗಿರಲಿ. ಹಣದ ಭಾಗವನ್ನು ಪೇಮೆಂಟ್ ಗೇಟ್‌ವೇಗೆ, ಅಂದರೆ ಓದುಗರಿಂದ ಹಣ ಪಡೆದು ನಿಮ್ಮ ಖಾತೆಗೆ ತಲುಪಿಸುವ ಕಂಪನಿಗೆ ಬಿಡಿ. ರೇಜರ್‌ಪೇ, ಕ್ಯಾಶ್‌ಫ್ರೀ ಎರಡೂ ಬೆಂಗಳೂರಿನ ಕಂಪನಿಗಳೇ. ಸಣ್ಣ ಅಂಗಡಿಗಳಿಗೆ, ಸಂಘಗಳಿಗೆ ನಾನು ಈ ಕೆಲಸ ಮಾಡಿಕೊಡುವಾಗ ಹೆಚ್ಚಾಗಿ ರೇಜರ್‌ಪೇ ಬಳಸುವುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಉಳಿದವುಗಳ ನಡೆಯೂ ಹೆಚ್ಚುಕಡಿಮೆ ಹೀಗೆಯೇ.

ಗೇಟ್‌ವೇಯಲ್ಲಿ ಖಾತೆ ತೆರೆಯಲು ಪ್ಯಾನ್, ಬ್ಯಾಂಕ್ ಖಾತೆಯ ವಿವರ ಮತ್ತು ಗುರುತಿನ ದಾಖಲೆಗಳು ಬೇಕು. ಅವರು ನಿಮ್ಮ ಜಾಲತಾಣವನ್ನೂ ತೆರೆದು ನೋಡುತ್ತಾರೆ. ಸಂಪರ್ಕ ವಿಳಾಸ, ಷರತ್ತುಗಳು, ಖಾಸಗಿತನದ ನೀತಿ, ಹಣ ಮರುಪಾವತಿ, ಪುಸ್ತಕ ರವಾನೆ, ಇವುಗಳ ಪುಟಗಳು ಅಲ್ಲಿರಬೇಕು. ನಾನು ಕಂಡಂತೆ ಅರ್ಜಿ ನಿಂತುಹೋಗುವುದು ಈ ಪುಟಗಳಿಲ್ಲದ್ದಕ್ಕೇ. ಕೋಡ್ ಮುಟ್ಟುವ ಮೊದಲೇ ಅವನ್ನು ಬರೆದು ಮುಗಿಸಿ.

ಇನ್ನು ಕೋಡ್. ಓದುಗರು ‘ಕೊಳ್ಳಿ’ ಎಂದು ಒತ್ತಿದಾಗ ಮೊದಲು ನಿಮ್ಮ ಸರ್ವರ್ ಗೇಟ್‌ವೇಯನ್ನು ಸಂಪರ್ಕಿಸಿ ಒಂದು ಆರ್ಡರ್ ಸೃಷ್ಟಿಸಬೇಕು. ಮೊತ್ತವನ್ನು ಪೈಸೆಯಲ್ಲಿ ಕೊಡಬೇಕು, ಅಂದರೆ 350 ರೂಪಾಯಿಗೆ 35000. ಈ ಮೊತ್ತ ನಿಮ್ಮ ಡೇಟಾಬೇಸಿನ ಬೆಲೆಪಟ್ಟಿಯಿಂದಲೇ ಬರಬೇಕು. ಅಂಚೆ ವೆಚ್ಚದ ಲೆಕ್ಕವೂ ಸರ್ವರಿನಲ್ಲೇ ಆಗಬೇಕು. ಬೆಲೆಯನ್ನು ಫಾರ್ಮಿನಲ್ಲಿ ಮರೆಯಾಗಿಟ್ಟ ಚೌಕದಿಂದ ತೆಗೆದುಕೊಂಡರೆ, ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆಯಲು ಬಲ್ಲ ಯಾರಾದರೂ 350 ಅನ್ನು 1 ಮಾಡಿ ಪುಸ್ತಕ ತರಿಸಿಕೊಳ್ಳಬಹುದು. ಗೇಟ್‌ವೇ ಕೊಟ್ಟ ಆರ್ಡರ್ ಐಡಿಯನ್ನು ‘ಬಾಕಿ’ ಎಂಬ ಗುರುತಿನೊಂದಿಗೆ ಡೇಟಾಬೇಸಿನಲ್ಲಿ ಬರೆದಿಡಿ. ಆಮೇಲೆ ಅದೇ ಐಡಿ ಬಳಸಿ ಅವರ ಪಾವತಿ ಕಿಟಕಿಯನ್ನು ತೆರೆಯಿರಿ.

ಪಾವತಿ ಮುಗಿದಾಗ ಆ ಕಿಟಕಿ ಮೂರು ವಿವರಗಳನ್ನು ಹಿಂದಿರುಗಿಸುತ್ತದೆ: ಪೇಮೆಂಟ್ ಐಡಿ, ಆರ್ಡರ್ ಐಡಿ ಮತ್ತು ಒಂದು ಡಿಜಿಟಲ್ ಸಹಿ. ಈ ಮೂರನ್ನೂ ನಿಮ್ಮ ಸರ್ವರಿಗೆ ಕಳುಹಿಸಿ. ಅಲ್ಲಿ ಆರ್ಡರ್ ಐಡಿ, ನಡುವೆ ಒಂದು ನಿಂತ ಗೆರೆ (|), ಆಮೇಲೆ ಪೇಮೆಂಟ್ ಐಡಿ ಜೋಡಿಸಿ, ಗೇಟ್‌ವೇ ನಿಮಗೆ ಕೊಟ್ಟ ಗುಪ್ತ ಕೀ ಬಳಸಿ, ಎಚ್‌ಮ್ಯಾಕ್ ಎಸ್‌ಎಚ್‌ಎ-256 ಎಂಬ ಸಹಿ ತಯಾರಿಸುವ ಸೂತ್ರದಿಂದ ಲೆಕ್ಕ ಹಾಕಬೇಕು. ಬಂದ ಸಾಲು ಆ ಸಹಿಗೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಪಾವತಿ ನಿಜ. ಇಲ್ಲಿ ಆರ್ಡರ್ ಐಡಿಯನ್ನು ಬ್ರೌಸರಿನಿಂದ ಬಂದದ್ದರಿಂದ ಎತ್ತಿಕೊಳ್ಳಬೇಡಿ, ನಿಮ್ಮ ಡೇಟಾಬೇಸಿನಿಂದ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಿಂದೆಂದೋ ಅಗ್ಗದ ಪುಸ್ತಕ ಕೊಂಡಾಗ ಸಿಕ್ಕ ಸಾಚಾ ಸಹಿಯನ್ನೇ ದುಬಾರಿ ಪುಸ್ತಕಕ್ಕೆ ತೋರಿಸಿ ದಾಟಿಹೋಗಲು ಸಾಧ್ಯ. ಗುಪ್ತ ಕೀ ಸರ್ವರಿನಲ್ಲೇ ಇರಬೇಕು. ಓದುಗರ ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿಗಾಗಲಿ, ಕೋಡ್ ಇಡುವ ಗಿಟ್‌ಹಬ್ ತಾಣಕ್ಕಾಗಲಿ ಹೋಗಬಾರದು.

ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತೆಂದು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನೀವು ನಿಲ್ಲಿಸಬೇಡಿ. ಓದುಗರೊಬ್ಬರು ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ನಿಮ್ಮ ಪುಸ್ತಕ ಆರಿಸುತ್ತಾರೆ ಎಂದುಕೊಳ್ಳಿ. ಯುಪಿಐ ಒತ್ತುತ್ತಾರೆ, ಫೋನ್‌ಪೇ ತೆರೆದುಕೊಳ್ಳುತ್ತದೆ, ಪಿನ್ ಹಾಕುತ್ತಾರೆ, ಹಸಿರು ಟಿಕ್ ಮೂಡುತ್ತದೆ. ಅಷ್ಟರಲ್ಲಿ ಯಾರದೋ ಕರೆ ಬರುತ್ತದೆ, ಅಥವಾ ಮೆಮೊರಿ ಸಾಲದೆ ಮೊಬೈಲ್ ಹಿಂದಿದ್ದ ಬ್ರೌಸರನ್ನು ಮುಚ್ಚಿಬಿಟ್ಟಿರುತ್ತದೆ. ಆ ಮೂರು ವಿವರಗಳು ನಿಮ್ಮ ಸರ್ವರನ್ನು ತಲುಪುವುದೇ ಇಲ್ಲ. ಅವರ ಖಾತೆಯಿಂದ ಹಣ ಹೋಗಿದೆ, ನಿಮ್ಮ ಪಟ್ಟಿಯಲ್ಲಿ ಆರ್ಡರ್ ಇನ್ನೂ ‘ಬಾಕಿ’. ಎರಡು ವಾರ ಪುಸ್ತಕಕ್ಕಾಗಿ ಕಾದು ಅವರು ಫೋನ್ ಮಾಡುವಾಗ ನಿಮ್ಮ ಮೇಲಿನ ನಂಬಿಕೆ ಅರ್ಧ ಕರಗಿರುತ್ತದೆ. ಕನ್ನಡ ಪುಸ್ತಕವನ್ನು ಹುಡುಕಿಕೊಂಡು ಬಂದು ಕೊಳ್ಳುವ ಓದುಗರನ್ನು ಹೀಗೆ ಕಳೆದುಕೊಳ್ಳಬಾರದು.

ಇದಕ್ಕೆ ಪರಿಹಾರ ವೆಬ್‌ಹುಕ್. ಹಣ ಬಂದ ಸುದ್ದಿಯನ್ನು ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸರ್ವರಿಗೆ ತಿಳಿಸುತ್ತದೆ. ಓದುಗರ ಮೊಬೈಲಿನ ಹಂಗೇ ಇರುವುದಿಲ್ಲ. ಪುಸ್ತಕ ಕಟ್ಟಿ ಕಳುಹಿಸುವ ತೀರ್ಮಾನ ಈ ಸುದ್ದಿಯ ಮೇಲೆಯೇ ನಿಲ್ಲಲಿ. ‘ಧನ್ಯವಾದಗಳು’ ಪುಟ ಓದುಗರ ಸಮಾಧಾನಕ್ಕೆ, ನಿಮ್ಮ ಲೆಕ್ಕಕ್ಕಲ್ಲ. ವೆಬ್‌ಹುಕ್‌ಗೂ ಬೇರೆಯದೇ ಗುಪ್ತ ಪದ ಮತ್ತು ಸಹಿ ಇವೆ. ಆ ಸಹಿಯನ್ನು ಪರಿಶೀಲಿಸುವಾಗ ಬಂದ ಪಠ್ಯವನ್ನು ಇದ್ದಹಾಗೆಯೇ ಬಳಸಬೇಕು. ಆ ಪಠ್ಯ ಇರುವ ಜೇಸನ್ ಎಂಬ ರೂಪವನ್ನು ಬಿಡಿಸಿ ಮತ್ತೆ ಜೋಡಿಸಿದರೆ ಒಂದು ಖಾಲಿ ಜಾಗ ಆಚೀಚೆ ಆದರೂ ಸಹಿ ಹೊಂದುವುದಿಲ್ಲ, ಕಾರಣ ಹುಡುಕುತ್ತಾ ಇಡೀ ದಿನ ಹೋಗುತ್ತದೆ. ನಿಮ್ಮದು ಹಲವು ಜಾಲತಾಣಗಳು ಒಂದೇ ಸರ್ವರ್ ಹಂಚಿಕೊಳ್ಳುವ ಹೋಸ್ಟಿಂಗ್ ಆಗಿದ್ದರೆ ಅಲ್ಲಿನ ಫೈರ್‌ವಾಲ್ (ಹೊರಗಿನ ಸಂಪರ್ಕಗಳನ್ನು ಸೋಸುವ ತಡೆ) ಈ ಕರೆಯನ್ನು ತಡೆಯುತ್ತಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಒಂದೇ ಸುದ್ದಿ ಎರಡು ಸಲ ಬರುವುದೂ ಉಂಟು. ನಿಮ್ಮ ಸರ್ವರ್ ಸಕಾಲದಲ್ಲಿ ಉತ್ತರಿಸದಿದ್ದರೆ ಗೇಟ್‌ವೇ ಮತ್ತೆ ಕಳುಹಿಸುತ್ತದೆ. ಅಲ್ಲದೆ ಪಾವತಿ ಸ್ವೀಕೃತವಾದದ್ದಕ್ಕೆ ಒಂದು, ಆರ್ಡರ್ ಸಂದಾಯವಾದದ್ದಕ್ಕೆ ಇನ್ನೊಂದು ಸುದ್ದಿ ಇರುತ್ತದೆ. ಎರಡನ್ನೂ ಆರಿಸಿಕೊಂಡಿದ್ದರೆ ಒಂದೇ ಖರೀದಿಗೆ ಎರಡೂ ಬರುತ್ತವೆ. ಹಾಗಾಗಿ ಆರ್ಡರ್ ಆಗಲೇ ‘ಸಂದಾಯ’ ಎಂದಿದೆಯೇ ಎಂದು ನೋಡಿ, ಇದ್ದರೆ ಏನೂ ಮಾಡದೆ ಸ್ವೀಕೃತಿ ಉತ್ತರ ಮಾತ್ರ ಕೊಡಿ. ಇಲ್ಲವಾದರೆ ಒಬ್ಬರಿಗೇ ಎರಡು ಪಾರ್ಸೆಲ್ ಹೋಗುತ್ತವೆ.

ಖರ್ಚಿನ ವಿಷಯ. ಶುಲ್ಕ ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸಿನಲ್ಲಿರುತ್ತದೆ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. 350 ರೂಪಾಯಿ ಪುಸ್ತಕಕ್ಕೆ ಶುಲ್ಕ 7 ರೂಪಾಯಿ, ತೆರಿಗೆ ಅನ್ವಯಿಸಿದರೆ 1.26, ಆಗ ಒಟ್ಟು 8.26. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ (ಪಾವತಿಗಾಗಿ ಬ್ಯಾಂಕುಗಳು ವ್ಯಾಪಾರಿಯಿಂದ ಪಡೆಯುವ ಶುಲ್ಕ) ಇಲ್ಲ. ಆದರೂ ಗೇಟ್‌ವೇ ತನ್ನದೇ ಸೇವಾ ಶುಲ್ಕ ಹಾಕಬಹುದು, ಒಪ್ಪಂದ ಓದಿಯೇ ಸಹಿ ಮಾಡಿ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೂ ಮಾರಬೇಕೆಂದಿದ್ದರೆ ವಿದೇಶಿ ಕಾರ್ಡುಗಳಿಗೆ ಪ್ರತ್ಯೇಕ ಅನುಮತಿ ಬೇಕು, ಶುಲ್ಕವೂ ಹೆಚ್ಚು.

ಹಣ ಕಡಿತವಾಗಿ ನಿಮಗೆ ದೃಢೀಕರಣ ಬಾರದ ಪ್ರಸಂಗಗಳೂ ಎದುರಾಗುತ್ತವೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ಅಂಥ ಹಣ ವಹಿವಾಟಿನ ದಿನದಿಂದ 5 ದಿನಗಳೊಳಗೆ ಗ್ರಾಹಕರ ಖಾತೆಗೆ ತಾನಾಗಿಯೇ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಇದನ್ನು ನಿಮ್ಮ ಮರುಪಾವತಿ ಪುಟದಲ್ಲಿ ಕನ್ನಡದಲ್ಲೇ ಬರೆದಿಡಿ. ಗಾಬರಿಯಲ್ಲಿರುವವರಿಗೆ ಅದು ದೊಡ್ಡ ಆಸರೆ.

ಪರೀಕ್ಷೆಗೆ ಟೆಸ್ಟ್ ಕೀಗಳಿವೆ, ಅವುಗಳಲ್ಲಿ ನಿಜವಾದ ಹಣ ಚಲಿಸುವುದಿಲ್ಲ. ಯಶಸ್ವಿ ಪಾವತಿಯನ್ನಷ್ಟೇ ನೋಡಿ ಬಿಡಬೇಡಿ. ವಿಫಲ ಪಾವತಿ ಮಾಡಿ ನೋಡಿ, ಪಾವತಿಯ ನಡುವೆ ಬ್ರೌಸರ್ ಮುಚ್ಚಿ ನೋಡಿ. ಲೈವ್ ಕೀಗೆ ಬದಲಾಯಿಸಿದ ಮೇಲೆ ನೀವೇ ಒಂದು ಪುಸ್ತಕ ಕೊಂಡು, ಹಣ ಬ್ಯಾಂಕ್ ಖಾತೆ ತಲುಪುವವರೆಗೆ ಗಮನಿಸಿ.

ಇಷ್ಟೆಲ್ಲಕ್ಕೆ ಈಗ ಸಮಯವಿಲ್ಲ ಎನ್ನಿಸಿದರೆ ಗೇಟ್‌ವೇಯ ಸಿದ್ಧ ಪೇಮೆಂಟ್ ಬಟನ್ ತೆಗೆದುಕೊಂಡು ಪ್ರತಿ ಪುಸ್ತಕದ ಪುಟಕ್ಕೆ ಅಂಟಿಸಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಅವರ ಡ್ಯಾಶ್‌ಬೋರ್ಡಿನಲ್ಲೇ ಸಿಗುತ್ತದೆ, ಸ್ಕ್ರೀನ್‌ಶಾಟಿನ ಕಾಟ ಅಲ್ಲಿಗೇ ತಪ್ಪುತ್ತದೆ. ಹತ್ತಿಪ್ಪತ್ತು ಪುಸ್ತಕಗಳಷ್ಟೇ ಇದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ. ನಿಮ್ಮಲ್ಲಿ ಎಷ್ಟು ಪುಸ್ತಕಗಳಿವೆ, ಹೋಸ್ಟಿಂಗ್ ಯಾವ ಬಗೆಯದು ಎಂದು ತಿಳಿಸಿ. ವೆಬ್‌ಹುಕ್ ಭಾಗದ ಪಿಎಚ್‌ಪಿ ಕೋಡನ್ನು ಇಲ್ಲೇ ಬರೆದು ತೋರಿಸುತ್ತೇನೆ.