ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಮಲಯಾಳಂ

“ಕನ್ನಡ ಮೀಡಿಯಂನವಳು ನೀನು, ವಿದೇಶಕ್ಕೆ ಹೋಗಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಎಲ್ಲ ಆಗುತ್ತೇನೇ ನಿನ್ನ ಕೈಲಿ? ಹೋಗ್ಲಿ ಬಿಡು, ಕೇರಳದವರಿಗೆ ಅದೇನು ಕಷ್ಟ, ಬೀದಿಗೊಂದು ಕೋಚಿಂಗ್ ಸೆಂಟರ್ ಇರುತ್ತೆ ಅಲ್ಲಿ.”

ಹೀಗೆ ಕೇಳಿದೆಯಲ್ಲ ಮಾರಾಯ್ತಿ, ಇಡೀ ಇಂಜಿನಿಯರಿಂಗ್ ನನ್ನ ಜೊತೆ ಒಂದೇ ರೂಮಿನಲ್ಲಿ ಕಳೆದವಳು ನೀನು. ಮೊದಲ ಮಾತಿನಲ್ಲಿ ನಾನು ಕನ್ನಡದವಳು, ಅದಕ್ಕೇ ಇಂಗ್ಲಿಷ್ ಬರುವುದಿಲ್ಲ. ಎರಡನೇ ಮಾತಿನಲ್ಲಿ ಕೇರಳದವಳು, ಅದಕ್ಕೇ ಸುಲಭ. ಯಾವುದಾದರೂ ಒಂದು ಕಡೆ ನಿಲ್ಲಿಸಬಾರದಾ? ಬೇಜಾರಿಲ್ಲ, ನಿನಗೆ ಗೊತ್ತಿಲ್ಲ ಅಷ್ಟೆ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಅಂದರೆ ಈಗಲೂ ನೀನು ಕೊಚ್ಚಿ ಹತ್ತಿರವಾ ಅನ್ನುತ್ತೀಯ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ನಾವು ಆಸ್ಪತ್ರೆಗೆ, ಬಟ್ಟೆಗೆ, ಚಿನ್ನಕ್ಕೆ ಎಲ್ಲ ಹೋಗುವುದು ಮಂಗಳೂರಿಗೇ. ಕೊಚ್ಚಿಯನ್ನು ನಾನು ನೋಡಿದ್ದಕ್ಕಿಂತ ನೀನು ಟೂರ್ ಹೋಗಿ ನೋಡಿದ್ದು ಜಾಸ್ತಿ.

ಪರೀಕ್ಷೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ, ನೀನೇ ಬರೆದವಳು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಅಂಕಕ್ಕೆ ಬ್ಯಾಂಡ್ ಅನ್ನುವುದು, ಒಂಬತ್ತರವರೆಗೆ. ಸಿಕ್ಕಿದ ಸ್ಕೋರಿಗೆ ಎರಡು ವರ್ಷ ಆಯುಷ್ಯ. ಬ್ರಿಟನ್ನಿನ ನನ್ನ ಕೋರ್ಸಿಗೆ 6.5 ಬೇಕು. ಲಿಸನಿಂಗ್‌ನಲ್ಲಿ ಆಡಿಯೋ ಒಂದೇ ಸಲ ಹಾಕುವುದು, 40 ಪ್ರಶ್ನೆ, ಎಲ್ಲರೂ ಅದಕ್ಕೇ ಹೆದರುವುದು. ನನಗೆ ಆ ಹೆದರಿಕೆ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಮೀನು ತರುವ ಕಾಕನ ಹತ್ತಿರ ಬ್ಯಾರಿ, ದಿನಸಿ ಅಂಗಡಿಯಲ್ಲಿ ಕೊಂಕಣಿ ಕೇಳಿ ಬೆಳೆದ ಕಿವಿ ಇದು. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ಸುಮ್ನೆ ಹೇಳುವುದಲ್ಲ. ಸಭೆಗಳಲ್ಲಿ ಭಾಷಣ ಮಾಡುವವರು ಆ ಮಾತನ್ನು ಹೇಳಿ ಹೇಳಿ ನಮಗೇ ಆಕಳಿಕೆ ಬರುವ ಹಾಗೆ ಮಾಡಿದ್ದಾರೆ, ಆದರೂ ಸುಳ್ಳಲ್ಲ. ಅದರ ಮೇಲೆ ಆಡಿಯೋದಲ್ಲಿ ಬರುವ ಆಸ್ಟ್ರೇಲಿಯಾದವರ ಇಂಗ್ಲಿಷೂ ಒಂದು ಅಂತ ಇಟ್ಟುಕೊಂಡರಾಯಿತು.

ಮತ್ತೆ, ಭಾಷೆಯ ಪರೀಕ್ಷೆ ನಮಗೆ ಹೊಸದೂ ಅಲ್ಲ. ನಾನು ನಿಮ್ಮ ಬೆಂಗಳೂರಿನ ಕಾಲೇಜಿಗೆ ಹೇಗೆ ಬಂದೆ ಅಂತ ನೀನು ಯಾವತ್ತೂ ಕೇಳಲಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಅಂತ ಒಂದು ಅವಕಾಶ ಇದೆ. ಒಳ್ಳೆಯದೇ, ಇಲ್ಲದಿದ್ದರೆ ನಾನು ಬರುತ್ತಲೇ ಇರಲಿಲ್ಲ. ಆದರೆ ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಾಲ್ಕನೇ ತರಗತಿ ಮಟ್ಟ, 50 ಅಂಕ, 12 ಬಂದರೆ ಪಾಸು. ಹತ್ತನೆಯವರೆಗೆ ಗಣಿತ, ವಿಜ್ಞಾನ, ಸಮಾಜ ಎಲ್ಲ ಕನ್ನಡದಲ್ಲೇ ಓದಿದವಳು ಕೂತು ನಾಲ್ಕನೇ ಕ್ಲಾಸಿನ ಕನ್ನಡ ಬರೆದು, ನಾನು ಕನ್ನಡದವಳು ಹೌದು ಅಂತ ಸಾಬೀತು ಮಾಡಿದೆ. ನೀನು ಬರೆಯಲಿಲ್ಲ. ನಿನ್ನ ಮೆಸೇಜೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರುತ್ತದೆ, ಒತ್ತಕ್ಷರ ಬರೆಯುವಾಗ ನನ್ನನ್ನು ಕೇಳುತ್ತಿದ್ದೆ, ಆದರೆ ನಿನ್ನ ಕನ್ನಡಕ್ಕೆ ಯಾರೂ ಅಂಕ ಹಾಕುವುದಿಲ್ಲ. ಈ ಕಡೆ ಕೇರಳದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದರೆ ಮಲಯಾಳಂ ಬರುತ್ತದೆ ಅಂತ ತೋರಿಸಬೇಕು. ಆ ಕಡೆಗೆ ಕನ್ನಡ, ಈ ಕಡೆಗೆ ಮಲಯಾಳಂ, ಈಗ ಬ್ರಿಟನ್ನಿಗೆ ಇಂಗ್ಲಿಷ್. ತುಳುವಿನಲ್ಲಿ ಮಾತ್ರ ಇಲ್ಲಿಯವರೆಗೆ ನನಗೆ ಯಾರೂ ಪರೀಕ್ಷೆ ಇಡಲಿಲ್ಲ. ಇಟ್ಟಿದ್ದರೆ ಒಂಬತ್ತಕ್ಕೆ ಒಂಬತ್ತು ಬರುತ್ತಿತ್ತು, ಅದೇ ಬೇಜಾರು.

ಸರಿ, ಬೀದಿಗೊಂದು ಕೋಚಿಂಗ್ ಅಂದೆಯಲ್ಲ. ಇದೆ, ಇಲ್ಲ ಅನ್ನುವುದಿಲ್ಲ. ಕಾಸರಗೋಡು ಪೇಟೆಯಲ್ಲಿ ಬಸ್ಸಿಳಿದು ತಲೆ ಎತ್ತಿದರೆ ಐಇಎಲ್‌ಟಿಎಸ್, ನರ್ಸ್, ಡಾಕ್ಟರುಗಳು ಬರೆಯುವ ಇಂಗ್ಲಿಷ್ ಪರೀಕ್ಷೆ ಒಇಟಿ, ಜರ್ಮನ್ ಅಂತ ಬೋರ್ಡು ಕಾಣುತ್ತದೆ. ತೊಂದರೆ ಎಂತ ಅಂದರೆ, ಅಲ್ಲಿ ಇಂಗ್ಲಿಷ್ ಕಲಿಸುವುದು ಮಲಯಾಳಂನಲ್ಲಿ.

ನನಗೆ ಮಲಯಾಳಂ ಬರುವುದಿಲ್ಲ ಅಂತಲ್ಲ. ಬಸ್ಸಿಗೆ, ಅಂಗಡಿಗೆ, ಪಂಚಾಯತಿಗೆ ಬೇಕಾದಷ್ಟು ಬರುತ್ತದೆ. ಸಿನಿಮಾ ನೋಡಿ ನಗುವಷ್ಟೂ ಬರುತ್ತದೆ. ಆದರೆ ಜಗಳ ಮಾಡುವಷ್ಟು ಭಾಷೆ ಬೇರೆ, ವ್ಯಾಕರಣ ಹೇಳಿಸಿಕೊಳ್ಳುವಷ್ಟು ಭಾಷೆ ಬೇರೆ. ಟೀಚರ್ ಗ್ರೂಪಿಗೆ ಒಂದು ಪಿಡಿಎಫ್ ಹಾಕುತ್ತಾರೆ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಮಲಯಾಳಂ ಅರ್ಥ. ನನಗೆ ಹೆಚ್ಚಿನ ಸಲ ಎಡಗಡೆಯದು ಗೊತ್ತಿರುತ್ತದೆ, ಬಲಗಡೆಯದು ಗೊತ್ತಿರುವುದಿಲ್ಲ. ಓದುವುದಕ್ಕೇ ನಿಧಾನ, ನಾನು ಮಲಯಾಳಂ ಲಿಪಿ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಹಾಗಾಗಿ ಈಗ ನಾನು ಇಂಗ್ಲಿಷ್ ಪದಗಳ ಸಹಾಯದಿಂದ ಮಲಯಾಳಂ ಕಲಿಯುತ್ತಿದ್ದೇನೆ. ಪೈಸೆ ಕೊಟ್ಟು. ಪ್ರಬಂಧ ಹೇಗೆ ಬರೆಯಬೇಕು ಅಂತ ಟೀಚರ್ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಅವರದು ತೆಂಕಣ ಕೇರಳದ ಮಲಯಾಳಂ, ನಮ್ಮ ಕಾಸರಗೋಡಿನದಲ್ಲ. ಇಲ್ಲಿಯ ಮಲಯಾಳಿಗಳೇ ಎರಡೆರಡು ಸಲ ಕೇಳುತ್ತಾರೆ. ಐಇಎಲ್‌ಟಿಎಸ್‌ನವರು ಲಿಸನಿಂಗ್ ಟೆಸ್ಟಿಗೆ ಅದನ್ನೇ ಹಾಕಬಹುದು.

ಟೀಚರ್ ಬಗ್ಗೆ ದೂರಿಲ್ಲ, ಚಂದ ಪಾಠ ಮಾಡುತ್ತಾರೆ. ಆದರೆ ಅವರ ಪಾಠ ಮಲಯಾಳಿ ಮಕ್ಕಳು ಎಲ್ಲಿ ಎಡವುತ್ತಾರೋ ಅದನ್ನು ನೋಡಿ ಮಾಡಿದ್ದು. ಮಲಯಾಳಂನಲ್ಲಿ ಅವನ್ ವರುನ್ನು, ಅವಳ್ ವರುನ್ನು, ಞಾನ್ ವರುನ್ನು, ಯಾರು ಬಂದರೂ ಕ್ರಿಯಾಪದ ಅಲ್ಲಾಡುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಹಿ, ಶಿ ಬಂದಾಗ ಕ್ರಿಯಾಪದದ ಕೊನೆಗೆ ಒಂದು ಎಸ್ ಸೇರಿಸಬೇಕು ಅನ್ನುವುದನ್ನು ಅವರಿಗೆ ದಿನಾ ಉರು ಹೊಡೆಸಬೇಕು. ನಾವು ಬರುತ್ತಾನೆ, ಬರುತ್ತಾಳೆ, ಬರುತ್ತೇನೆ ಅಂತ ಹುಟ್ಟಿದಾಗಿನಿಂದ ಬದಲಾಯಿಸಿಕೊಂಡೇ ಬಂದವರು, ತುಳುವಿನಲ್ಲೂ ಹಾಗೆಯೇ. ಆ ಪಾಠದ ಹೊತ್ತಿಗೆ ನಾನು ಕಿಟಕಿ ನೋಡುತ್ತಾ ಕೂರುತ್ತೇನೆ. ನಮ್ಮವರು ಎಡವುವುದು ಬೇರೆ ಕಡೆ. “ಅವನನ್ನು ನಿನ್ನೆ ನೋಡಿದ್ದೇನೆ” ಅಂದರೆ ಕನ್ನಡದಲ್ಲಿ ಸರಿ. ಹಾಗೇ ಎತ್ತಿ ಇಂಗ್ಲಿಷಿಗೆ ಇಟ್ಟು “ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ” ಅಂದರೆ ತಪ್ಪು. ಯಾಕೆ ತಪ್ಪು ಅಂತ ಕನ್ನಡದ ಕಡೆಯಿಂದ ಹಿಡಿದು ಬಿಡಿಸಿ ಹೇಳುವವರು ಬೇಕು, ಅವರೇ ಇಲ್ಲ.

ಉಚ್ಚಾರದ್ದೂ ಇದೇ ಕತೆ. ಟೆಂಪಲ್ ಅನ್ನಿ, ಟೆಂಬಿಳ್ ಅನ್ನಬೇಡಿ, ಸಿಂಪ್ಲಿ ಅನ್ನಿ, ಸಿಂಬ್ಳಿ ಅನ್ನಬೇಡಿ ಅಂತ ಇಡೀ ಕ್ಲಾಸಿಗೆ ಹೇಳಿಸುತ್ತಾರೆ. ನಾನೂ ಹೇಳುತ್ತೇನೆ, ಎಂತ ಹೋಗುತ್ತದೆ. ಆದರೆ ನಾನು ಓಪನ್ ಅನ್ನುವುದನ್ನು ವೋಪನ್ ಅಂದರೆ, ಎವ್ರಿ ಅನ್ನುವುದನ್ನು ಯೆವ್ರಿ ಅಂದರೆ, ಬ್ಯಾಂಕು ಬಸ್ಸು ಅಂತ ಕೊನೆಗೆ ಉಕಾರ ಎಳೆದರೆ ಅವರ ಕಿವಿಗೆ ಅದು ಬೀಳುವುದೇ ಇಲ್ಲ, ಯಾಕೆಂದರೆ ಅವರು ಹುಡುಕುತ್ತಿರುವುದು ಅದನ್ನಲ್ಲ. ಸ್ಪೀಕಿಂಗ್‌ನಲ್ಲಿ ಉಚ್ಚಾರಕ್ಕೆ ನಾಲ್ಕನೇ ಒಂದು ಪಾಲು ಇದೆ. ಊರಿನ ಧಾಟಿ ಇದ್ದರೆ ಅಂಕ ಕಳೆಯುವುದಿಲ್ಲ, ಎದುರಿಗಿದ್ದವರಿಗೆ ಅರ್ಥ ಆಗಬೇಕು ಅಷ್ಟೆ. ಅರ್ಥ ಆಗುತ್ತದಾ ಇಲ್ಲವಾ ಅಂತ ನಾನು ಯಾರ ಹತ್ತಿರ ಕೇಳಲಿ?

ಹಾಗಾದರೆ ಮಂಗಳೂರಿಗೆ ಹೋಗು ಅನ್ನುತ್ತೀಯ. ಹೋದೆ. ಬ್ಯಾಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೇರಳದಿಂದ ಬಂದು ಮಂಗಳೂರಿನಲ್ಲಿ ನರ್ಸಿಂಗ್ ಓದಿದ ಹುಡುಗಿಯರು. ಬ್ರಿಟನ್ನಿನಲ್ಲಿ ನರ್ಸ್ ಆಗಬೇಕಾದರೆ ಐಇಎಲ್‌ಟಿಎಸ್‌ನಲ್ಲಿ ಏಳು ಬೇಕು, ಬರೆಯುವುದರಲ್ಲಿ ಮಾತ್ರ 6.5 ಸಾಕು, ಇಲ್ಲದಿದ್ದರೆ ಒಇಟಿ. ಹಾಗಾಗಿ ಅವರು ಜೀವ ಬಿಟ್ಟು ಓದುತ್ತಾರೆ, ಫೀಸು ಬರುವುದೂ ಅವರಿಂದಲೇ. ಮಂಗಳೂರಿನದೇ ಆದ ಟೀಚರು ಪ್ರತಿ ಪಾಠದ ಕೊನೆಗೆ “ಮನಸ್ಸಿಲಾಯೋ?”, ಅಂದರೆ ಅರ್ಥ ಆಯಿತಾ, ಅಂತ ಕೇಳುವುದನ್ನು ಕಲಿತುಬಿಟ್ಟಿದ್ದಾರೆ. ಫಾರಂನಲ್ಲಿ ನನ್ನ ವಿಳಾಸ ನೋಡಿ ನನ್ನ ಹತ್ತಿರವೂ ಮಲಯಾಳಂನಲ್ಲೇ ಶುರು ಮಾಡಿದರು. ನಾನು ತುಳುವಿನಲ್ಲಿ ಉತ್ತರ ಕೊಟ್ಟೆ. ಆಮೇಲೆ ಇಬ್ಬರೂ ಚಂದ ಮಾತಾಡಿದೆವು ಬಿಡು. ಆದರೆ ಕ್ಲಾಸು ಮುಗಿಯುವಾಗ ಸಂಜೆ ಆಗುತ್ತಿತ್ತು, ಕಾಸರಗೋಡಿಗೆ ರೈಲು ಸಿಕ್ಕಿದರೂ ಅಲ್ಲಿಂದ ನಮ್ಮ ಕಡೆಗೆ ಕಡೇ ಬಸ್ಸು ಸಿಗುವುದಿಲ್ಲ. ಅಪ್ಪ ಬೈಕಿನಲ್ಲಿ ಪೇಟೆಗೆ ಬಂದು ಕಾಯಬೇಕು. ಬಿಟ್ಟೆ.

ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಹುಡುಕು ಅಂತಲೂ ಹೇಳಬೇಡ. ನಾನು ಹುಡುಕಿದಾಗ ಎದುರಿಗೆ ಬಂದದ್ದು ಹೆಚ್ಚಾಗಿ ಹಲೋ, ಹೇಗಿದ್ದೀರಿ ಮಟ್ಟದ ಸ್ಪೋಕನ್ ಇಂಗ್ಲಿಷ್. ಗ್ರಾಫ್ ನೋಡಿ 150 ಪದ ಬರೆಯುವುದು ಹೇಗೆ ಅಂತ ಕನ್ನಡದಲ್ಲಿ ಹೇಳುವವರನ್ನು ಹುಡುಕಿ ಹುಡುಕಿ ಸುಸ್ತಾಯಿತು. ಶೇಕಡಾ, ಸರಾಸರಿ, ಏರಿಕೆ, ಇಳಿಕೆ ಎಲ್ಲ ನನ್ನ ತಲೆಯಲ್ಲಿ ಕನ್ನಡದಲ್ಲೇ ಕೂತಿವೆ. ಕರ್ನಾಟಕದಲ್ಲಿ ಆರು ಕೋಟಿಗಿಂತ ಜಾಸ್ತಿ ಜನ ಇದ್ದೀರಿ. ಆದರೆ ವಿದೇಶಕ್ಕೆ ಹೋಗುವವರು ಮೊದಲೇ ಇಂಗ್ಲಿಷ್ ಮೀಡಿಯಂ ಮುಗಿಸಿರುತ್ತೀರಿ, ಕನ್ನಡದಲ್ಲಿ ಐಇಎಲ್‌ಟಿಎಸ್ ಪಾಠ ನಿಮಗೆ ಬೇಡ. ಬೇಕಾದವರು ನಮ್ಮಂಥವರು, ನಮ್ಮನ್ನು ನಂಬಿ ಯಾರು ಅಂಗಡಿ ಇಡುತ್ತಾರೆ?

ಕನ್ನಡ ಮೀಡಿಯಂ ಅಂತ ನೀನು ಹೇಳುವಾಗ ಒಂದು ಅಯ್ಯೋ ಪಾಪ ಇರುತ್ತದೆ. ನಿಮ್ಮ ಕಡೆ ಬೇರೆ ಗತಿ ಇಲ್ಲದವರು ಕನ್ನಡ ಶಾಲೆಗೆ ಹೋಗುವುದು ಅಂತ ಲೆಕ್ಕ. ನಮ್ಮ ಅಪ್ಪ ಹಾಗೆ ಕಳಿಸಿದ್ದಲ್ಲ. ಇಲ್ಲಿ ಶಾಲೆ ಹೋದರೆ ಭಾಷೆ ಹೋಯಿತು, ಬೇರೆ ಎಲ್ಲಿಯೂ ಅದಕ್ಕೆ ಜಾಗ ಇಲ್ಲ. ಆಫೀಸಿನಿಂದ ಬರುವ ಕಾಗದ ಮಲಯಾಳಂನಲ್ಲಿ. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ತರಗತಿಗೆ ಹಾಕಿದರು ಅಂತ ಈ ಜಿಲ್ಲೆಯಲ್ಲಿ ಮಕ್ಕಳೂ ಅಪ್ಪ ಅಮ್ಮಂದಿರೂ ಗೇಟಿನ ಎದುರು ಕೂತದ್ದು ಒಂದೆರಡು ಸಲ ಅಲ್ಲ. ಪಾಠ ಮಾಡುವವರಿಗಾಗಿ ಪ್ರತಿಭಟನೆ ಮಾಡಿ ಹತ್ತನೇ ಪಾಸಾದ ಮಕ್ಕಳನ್ನು ನೋಡಿದ್ದೀಯಾ ನೀನು? ನಿಮ್ಮ ಏರಿಯಾದಲ್ಲಿ ಕ್ಲಾಸಿಲ್ಲ ಅಂದರೆ ಮಕ್ಕಳು ಖುಷಿ ಪಡುತ್ತವೆ.

ಇನ್ನು ಸ್ಪೀಕಿಂಗ್. ಮೊದಲ ಭಾಗದಲ್ಲಿ ಸುಲಭದ ಪ್ರಶ್ನೆ ಕೇಳುತ್ತಾರಲ್ಲ, ನಿಮ್ಮ ಊರು ಯಾವುದು, ಅಲ್ಲಿ ಎಂತ ವಿಶೇಷ ಅಂತ. ನಿನಗೆ ಎರಡು ವಾಕ್ಯದಲ್ಲಿ ಮುಗಿಯುತ್ತದೆ. ಕೋಚಿಂಗಿನಲ್ಲಿ ಇದಕ್ಕೂ ರೆಡಿ ಉತ್ತರ ಇದೆ: ಹಿನ್ನೀರು, ಹೌಸ್‌ಬೋಟ್, ಓಣಂ, ಕಥಕಳಿ. ಉರು ಹೊಡೆದದ್ದು ಪರೀಕ್ಷಕರಿಗೆ ಗೊತ್ತಾಗುತ್ತದೆ, ಅಂಕಕ್ಕೂ ಏಟು, ಅದು ಒಂದು ಕಡೆ ಇರಲಿ. ಹೌಸ್‌ಬೋಟ್ ನಮ್ಮ ಜಿಲ್ಲೆಯಲ್ಲೂ ಇದೆ, ಆದರೆ ದಕ್ಷಿಣಕ್ಕೆ, ನೀಲೇಶ್ವರದ ಕಡೆ. ನಮ್ಮ ಊರಿನಲ್ಲಿ ಇರುವುದು ಅಡಿಕೆ ತೋಟ, ರಾತ್ರಿ ಇಡೀ ತೆಂಕುತಿಟ್ಟಿನ ಯಕ್ಷಗಾನ ಆಟ, ಭೂತದ ಕೋಲ, ಮಧೂರಿನ ಗಣಪತಿ. ಟೂರಿಸಂ ಪೋಸ್ಟರಿನಲ್ಲಿ ಬರುವ ಬೇಕಲ ಕೋಟೆಯನ್ನು ಕಟ್ಟಿಸಿದ್ದೂ ಕೆಳದಿಯ ಶಿವಪ್ಪ ನಾಯಕ. ನಾನು ಕ್ಲಾಸಿನಲ್ಲಿ ಯಕ್ಷಗಾನ ಅಂದೆ. ಪರೀಕ್ಷಕರಿಗೆ ಗೊತ್ತಿರುವುದಿಲ್ಲ, ಕಥಕಳಿ ಅನ್ನಿ ಅಂದರು. ಗೊತ್ತಿಲ್ಲದ್ದನ್ನು ವಿವರಿಸಿದರೇ ಅಲ್ವಾ ನನ್ನ ಇಂಗ್ಲಿಷ್ ಎಷ್ಟು ಅಂತ ತಿಳಿಯುವುದು? ನಾನು ಬದಲಾಯಿಸಲಿಲ್ಲ, ಬದಲಾಯಿಸುವುದೂ ಇಲ್ಲ.

ಕಷ್ಟ ಎಂತ ಅಂದರೆ ನಮ್ಮ ಊರಿನ ಉತ್ತರ ಎಲ್ಲಿಂದ ಶುರು ಮಾಡಿದರೂ ಉದ್ದ ಆಗುತ್ತದೆ. 1956ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆ ವರ್ಷ ನವೆಂಬರ್ 1ಕ್ಕೆ, ನೀವು ರಾಜ್ಯೋತ್ಸವ ಮಾಡುವ ಅದೇ ದಿನ, ಕೇರಳದವರಾದೆವು. ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು. ವರದಿ ಅಲ್ಲೇ ಇದೆ, ನಾವು ಇಲ್ಲೇ ಇದ್ದೇವೆ. 1984ರಲ್ಲಿ ಕಣ್ಣೂರಿನಿಂದ ಬೇರೆ ಮಾಡಿ ನಮ್ಮನ್ನೇ ಒಂದು ಜಿಲ್ಲೆ ಮಾಡಿದರು. ರೀಡಿಂಗ್‌ನಲ್ಲಿ ಸರಿ, ತಪ್ಪು, “ನಾಟ್ ಗಿವನ್” (ಅದರಲ್ಲಿ ಹೇಳಿಲ್ಲ) ಅಂತ ಮೂರು ಆಯ್ಕೆ ಕೊಟ್ಟಾಗ ನಿನಗೆ ತಲೆ ಕೆಡುತ್ತಿತ್ತಲ್ಲ, ನನಗೆ ಆ ವಿಭಾಗದಲ್ಲಿ ಒಂದೂ ತಪ್ಪಾಗುವುದಿಲ್ಲ. ಕಾಸರಗೋಡು ಕರ್ನಾಟಕದ್ದು, ಸರಿಯೋ ತಪ್ಪೋ ಅಂತ ಕೇಳಿ ಬೆಳೆದವರಿಗೆ ಮೂರನೇ ಉತ್ತರ ಚೆನ್ನಾಗಿ ಅಭ್ಯಾಸ ಇರುತ್ತದೆ.

ಈಗ ನಿನಗೊಂದು ಕೆಲಸ. ಭಾನುವಾರ ಸಂಜೆ ಫೋನ್ ಮಾಡು, ಪರೀಕ್ಷಕಿ ನೀನು. ಮಾತಾಡುವ ವಿಷಯ ಬರೆದ ಯಾವುದಾದರೂ ಕ್ಯೂ ಕಾರ್ಡ್ ತೆಗೆ, ಒಂದು ನಿಮಿಷ ಯೋಚಿಸಲು ಕೊಡು, ಎರಡು ನಿಮಿಷ ನಡುವೆ ಬಾಯಿ ಹಾಕದೆ ಕೇಳು. ವೋ ಅಂದರೆ, ಯೆ ಅಂದರೆ ಬರೆದಿಟ್ಟುಕೋ. ನಿನ್ನ ಕಿವಿಗೆ ಅದು ಬೀಳುತ್ತದೆ, ಹಾಸ್ಟೆಲಿನಲ್ಲಿ ಅದನ್ನೇ ಹಿಡಿದು ನಗುತ್ತಿದ್ದವಳಲ್ವಾ ನೀನು. ಕೊನೆಗೆ ತಪ್ಪು ಹೇಳುವಾಗ ಕನ್ನಡದಲ್ಲೇ ಹೇಳು. ಮಳೆ ಬಂದರೆ ನಮ್ಮಲ್ಲಿ ಟವರ್ ಹೋಗುತ್ತದೆ, ಸಿಗದಿದ್ದರೆ ಅಪ್ಪನ ನಂಬರಿಗೆ ಹಚ್ಚು. ಅವರು ಎತ್ತಿ ಮೊದಲು ಅಡಿಕೆ ರೇಟಿನ ಬಗ್ಗೆ ಮಾತಾಡುತ್ತಾರೆ, ಸ್ವಲ್ಪ ಸಹಿಸಿಕೋ.