ಕೂಳೆ ಕಬ್ಬಿಗೆ ಸೂಕ್ಷ್ಮಾಣು ದ್ರಾವಣ ಬೇಕೆ? ಪಾಂಡವಪುರದ ಪ್ರಶ್ನೆಗೆ ಉತ್ತರ

ಪಾಂಡವಪುರದ ಸದಸ್ಯರು ಎರಡು ವಿಷಯ ಕೇಳಿದ್ದಾರೆ. ಅಂಗಡಿಯವರು ಹೇಳುತ್ತಿರುವ ದುಬಾರಿ ಸೂಕ್ಷ್ಮಾಣು ದ್ರಾವಣವನ್ನು ಕೂಳೆ ಕಬ್ಬಿಗೆ (ಕಟಾವಾದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ) ಬಿಡಬೇಕೆ ಎಂಬುದು ಒಂದು. ಗಿಡದ ಸೂಕ್ಷ್ಮಾಣುಗಳು ಚೆನ್ನಾಗಿದ್ದರೆ ಉಣ್ಣುವವರ ಆರೋಗ್ಯವೂ ಚೆನ್ನಾಗಿರುತ್ತದೆ ಎಂದು ಅದರ ಕರಪತ್ರದಲ್ಲಿ ಬರೆದಿರುವುದು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಸದ್ಯಕ್ಕೆ ಬೇಡ. ಎರಡನೆಯದು ನಿಜವೇ, ಆದರೆ ಕರಪತ್ರದವರು ಹೇಳುವ ರೀತಿಯಲ್ಲಲ್ಲ.

ಬೇರಿಗೆ ಅಂಟಿಕೊಂಡಿರುವ ತೆಳುವಾದ ಮಣ್ಣಿನ ಪದರದಲ್ಲಿ, ಉಳಿದ ಮಣ್ಣಿಗಿಂತ ಬಹುಪಟ್ಟು ಹೆಚ್ಚು ಸೂಕ್ಷ್ಮಾಣುಗಳಿರುತ್ತವೆ. ಜರ್ಮನಿಯ ಲೊರೆಂಝ್ ಹಿಲ್ಟ್ನರ್ 1904ರಲ್ಲಿಯೇ ಈ ಪದರಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ಎಲೆಯಲ್ಲಿ ತಯಾರಾದ ಸಕ್ಕರೆ ಮತ್ತು ಆಮ್ಲಗಳ ಒಂದು ಪಾಲನ್ನು ಗಿಡವು ಬೇರಿನ ಮೂಲಕ ಹೊರಕ್ಕೆ ಬಿಡುತ್ತದೆ. ಅದನ್ನು ತಿನ್ನುವ ಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವಂತೆ ಸ್ಥಿರೀಕರಿಸುವುದು, ರಂಜಕ ಕರಗಿಸುವುದು, ರೋಗಾಣುಗಳಿಗೆ ಜಾಗ ಕೊಡದಿರುವುದು ಮುಂತಾದ ಕೆಲಸ ಮಾಡುತ್ತವೆ. ಹೊರಗಿನಿಂದ ತಂದು ಸುರಿದ ಜೀವಿಗಳು ಅಲ್ಲಿ ಮೊದಲೇ ನೆಲೆಸಿರುವವುಗಳೊಡನೆ ಪೈಪೋಟಿ ನಡೆಸಬೇಕಾಗುತ್ತದೆ, ಮಣ್ಣಿನಲ್ಲಿ ಸಾವಯವ ಇಂಗಾಲವೇ ಇಲ್ಲದಿದ್ದರೆ ಅವು ಉಳಿಯುವುದು ಕಷ್ಟ. ಆದ್ದರಿಂದ ದ್ರಾವಣಕ್ಕೆ ಹಣ ಕೊಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಇಂಗಾಲ 0.5 ಶೇಕಡಕ್ಕಿಂತ ಕಡಿಮೆ ಇದೆಯೇ ಎಂದು ನೋಡಿ.

ಕಡಿಮೆ ಇದ್ದರೆ ಮೊದಲು ನಿಲ್ಲಬೇಕಾದದ್ದು ತರಗಿಗೆ ಬೆಂಕಿ ಇಡುವುದು. ಕಟಾವಾದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ತರಗು ಉಳಿಯುತ್ತದೆ. ಅದನ್ನು ಸುಟ್ಟರೆ ಇಂಗಾಲ, ಸಾರಜನಕ, ಗಂಧಕಗಳ ಬಹುಪಾಲು ಹೊಗೆಯಾಗಿ ಹೋಗಿ, ಆ ಹೊಗೆ ಊರಿನವರ ಶ್ವಾಸಕೋಶ ಸೇರುತ್ತದೆ. ಸಾಲು ಬಿಟ್ಟು ಸಾಲಿಗೆ ತರಗು ಹೊದಿಸಿ, ಮೇಲೆ ಸ್ವಲ್ಪ ಯೂರಿಯಾ ಎರಚಿ ನೀರು ಕೊಡಿ. ತರಗಿನಲ್ಲಿ ಸಾರಜನಕ ತೀರಾ ಕಡಿಮೆ ಇರುವುದರಿಂದ, ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ; ಯೂರಿಯಾ ಕೊಡದಿದ್ದರೆ ಕೂಳೆ ಕೆಲವು ವಾರ ಹಳದಿಯಾಗಿ ನಿಲ್ಲುತ್ತದೆ. ಹಾಗೆ ಹಳದಿಯಾದದ್ದನ್ನು ನೋಡಿಯೇ ಬಹಳ ಮಂದಿ ಮರುವರ್ಷ ಮತ್ತೆ ಬೆಂಕಿ ಕಡ್ಡಿಗೆ ಕೈ ಹಾಕುತ್ತಾರೆ.

ಎರಡನೆಯದಾಗಿ ಕಡಿಮೆ ಮಾಡಬೇಕಾದದ್ದು ಡಿಎಪಿ, ಅಂದರೆ ಸಾರಜನಕ, ರಂಜಕ ಎರಡೂ ಇರುವ ರಾಸಾಯನಿಕ ಗೊಬ್ಬರ. ಬೇರಿನೊಳಗೆ ಸೇರಿ ದೂರದ ರಂಜಕವನ್ನು ತಂದುಕೊಡುವ ಮೈಕೊರೈಜಾ ಶಿಲೀಂಧ್ರಕ್ಕೆ ಗಿಡವು ಸಕ್ಕರೆ ಕೊಟ್ಟು ಸಾಕುತ್ತದೆ. ರಂಜಕ ಬುಡದಲ್ಲೇ ಧಾರಾಳವಾಗಿ ಸಿಕ್ಕಿದರೆ ಆ ಸಾಕಣೆಯನ್ನು ಗಿಡವೇ ಕಡಿಮೆ ಮಾಡಿಬಿಡುತ್ತದೆ. ಪ್ರತಿ ಬೆಳೆಗೂ ಮೂಟೆಗಟ್ಟಲೆ ಡಿಎಪಿ ಹಾಕುತ್ತಾ, ಜೊತೆಗೆ ಮೈಕೊರೈಜಾ ಪುಡಿಯನ್ನೂ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಕಬ್ಬಿನ ಕಾಂಡದ ಒಳಗೇ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾ ಇರುವುದನ್ನು 1988ರಲ್ಲಿ ಬ್ರೆಜಿಲ್‌ನಲ್ಲಿ ಜೊಹಾನಾ ಡೊಬರೈನರ್ ಮತ್ತು ಅವರ ಸಹೋದ್ಯೋಗಿ ವರದಿ ಮಾಡಿದರು. ಈಗ ಅದನ್ನು ಗ್ಲುಕೊನಾಸಿಟೊಬ್ಯಾಕ್ಟರ್ ಎನ್ನುತ್ತಾರೆ. ಅದು ಬಿತ್ತನೆ ತುಂಡಿನ ಮೂಲಕವೇ ಹೊಸ ಬೆಳೆಗೆ ಬರುತ್ತದೆ. ಕೆಂಪು ಕೊಳೆ ರೋಗದ ಶಿಲೀಂಧ್ರವೂ ಬರುವುದು ಅದೇ ದಾರಿಯಲ್ಲಿ. ಆದ್ದರಿಂದ ಮುಂದಿನ ನಾಟಿಗೆ ಆರೋಗ್ಯವಾದ ಬಿತ್ತನೆ ಕಬ್ಬನ್ನು ಹುಡುಕಲು ಪಡುವ ಶ್ರಮ, ಯಾವ ದ್ರಾವಣಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಈ ಬ್ಯಾಕ್ಟೀರಿಯಾವನ್ನು ನಂಬಿ ಯೂರಿಯಾವನ್ನು ಪೂರ್ತಿ ಬಿಡುವುದು ತರವಲ್ಲ.

ಮಣ್ಣಿನಲ್ಲಿ ಜೀವವಿದೆಯೇ ಎಂದು ಕಣ್ಣಾರೆ ನೋಡಬೇಕಾದರೆ ಸಾಲಿನ ನಡುವೆ ಅಲಸಂದೆ ಹಾಕಿ. ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಕೀಳದೆ, ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನಿಧಾನವಾಗಿ ತೊಳೆಯಿರಿ. ಬೇರಿನ ಪಕ್ಕದಲ್ಲಿ ಗುಂಡಗಿರುವ ಗಂಟುಗಳು ಬೆರಳಿನಿಂದ ಉಜ್ಜಿದರೆ ಉದುರಬೇಕು, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣಬೇಕು. ಆಗ ಗಂಟಿನೊಳಗೆ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾ ರೈಜೋಬಿಯಂ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಬೆಳ್ಳಗೋ ಹಸಿರಾಗೋ ಇದ್ದರೆ ಕೆಲಸ ನಡೆಯುತ್ತಿಲ್ಲ. ಉಜ್ಜಿದರೂ ಉದುರದೆ ಬೇರೇ ಊದಿಕೊಂಡಂತೆ ಕಂಡರೆ ಅದು ಜಂತುಹುಳುವಿನ ಗಂಟು, ಅದಕ್ಕೆ ಬೇರೆ ಉಪಾಯವೇ ಬೇಕು.

ಇನ್ನು ಆರೋಗ್ಯದ ಮಾತು. ಗದ್ದೆಗೆ ದ್ರಾವಣ ಬಿಟ್ಟರೆ ಉಣ್ಣುವವರ ಕರುಳು ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ನೇರವಾದ ಸಂಬಂಧಗಳು ಬೇರೆ ಕಡೆ ಇವೆ. ಹೆಚ್ಚಾಗಿ ಹಾಕಿದ ಯೂರಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳೇ ನೈಟ್ರೇಟ್ ಮಾಡುತ್ತವೆ, ಬೆಳೆಗೆ ಬೇಡವಾದದ್ದು ನಾಲೆ ನೀರಿನೊಂದಿಗೆ ಇಳಿದು ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡವಿದೆ; ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಅದೇ ಸಾರಜನಕದ ಇನ್ನೊಂದು ಅಂಶ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈ ಆಕ್ಸೈಡ್‌ನ ಸುಮಾರು 270 ಪಟ್ಟು.

ನೀವು ಹಿತ್ತಿಲಿನಲ್ಲಿ ಕೊತ್ತಂಬರಿ, ದಂಟು ಬೆಳೆಯುತ್ತೇವೆ ಎಂದೂ ಬರೆದಿದ್ದೀರಿ. ಸಗಣಿ, ಗಂಜಲದಿಂದ ಮಾಡುವ ಜೀವಾಮೃತವನ್ನಾಗಲಿ ಹಸಿ ಸಗಣಿ ಬಗ್ಗಡವನ್ನಾಗಲಿ ಹಸಿಯಾಗಿ ತಿನ್ನುವ ಸೊಪ್ಪಿನ ಎಲೆ ಮೇಲೆ ಎರಚಬೇಡಿ. ಸಗಣಿಯಲ್ಲಿರುವ ಸಾಲ್ಮೊನೆಲ್ಲಾ, ಇ. ಕೋಲಿ ಎಲೆಗೆ ಅಂಟಿಕೊಂಡು ಉಳಿಯಬಲ್ಲವು, ಬರೀ ತೊಳೆದರೆ ಪೂರ್ತಿ ಹೋಗುವುದಿಲ್ಲ. ಗೊಬ್ಬರವನ್ನು ಮಣ್ಣಿಗೇ ಕೊಡಿ, ಅದೂ ತಿಪ್ಪೆಯನ್ನು ಮಗುಚಿ, ಒಳಭಾಗ 55 ಡಿಗ್ರಿ ದಾಟಿ ಕಾದು, ಚೆನ್ನಾಗಿ ಕಳಿತ ಮೇಲೆ.

ಭತ್ತಕ್ಕೆ ಹೊಡೆಯುವ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಎಂಬ ಶಿಲೀಂಧ್ರನಾಶಕಗಳ ವಿಷಯದಲ್ಲೂ ಎಚ್ಚರ ಬೇಕು. ಮನುಷ್ಯರ ಶ್ವಾಸಕೋಶದ ಶಿಲೀಂಧ್ರ ಸೋಂಕಿಗೆ ವೈದ್ಯರು ಕೊಡುವ ಔಷಧಿಗಳೂ ಇದೇ ಗುಂಪಿನವು. ತಿಪ್ಪೆಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಶಿಲೀಂಧ್ರ ಹೊಲದಲ್ಲೇ ಈ ಔಷಧಿಗೆ ಒಗ್ಗಿಕೊಂಡರೆ ಆಸ್ಪತ್ರೆಯಲ್ಲೂ ಅದು ಬಗ್ಗುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಶಿಲೀಂಧ್ರವನ್ನು ಅತಿ ಗಂಭೀರ ವರ್ಗಕ್ಕೆ ಸೇರಿಸಿದೆ. ರೋಗ ಕಂಡ ಮೇಲೆ, ಹೇಳಿದ ಪ್ರಮಾಣದಲ್ಲಿ ಮಾತ್ರ ಸಿಂಪಡಿಸಿ. ಒಣಗಿದ ತಿಪ್ಪೆ ಕೆದಕುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಜೈವಿಕ ಉತ್ಪನ್ನ ಬೇಕೇ ಬೇಕೆಂದರೆ, ರೋಗ ತರುವ ಶಿಲೀಂಧ್ರಗಳನ್ನು ಹತ್ತಿಕ್ಕುವ ಶಿಲೀಂಧ್ರವಾದ ಟ್ರೈಕೋಡರ್ಮಾ ಸಾಕು. ಒಂದು ಕಿಲೋವನ್ನು ನೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವವಾಗಿ ಒಂದೆರಡು ವಾರ ಮುಚ್ಚಿಟ್ಟು ಬುಡಕ್ಕೆ ಕೊಡಿ. ಪೊಟ್ಟಣದ ಮೇಲೆ ತಯಾರಾದ ದಿನಾಂಕ ನೋಡಿ, ಬಿಸಿಲಿಗಿಟ್ಟು ಮಾರುವ ಕಡೆ ಕೊಳ್ಳಬೇಡಿ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಪರೀಕ್ಷೆಯ ಚೀಟಿ ಕೈಗೆ ಬಂದಾಗ ಇಂಗಾಲ, ರಂಜಕದ ಅಂಕಿಗಳನ್ನು ಇಲ್ಲಿ ಹಾಕಿ. ಈ ಕೂಳೆಗೆ ಡಿಎಪಿ ಎಷ್ಟು ಇಳಿಸಬಹುದೆಂದು ಲೆಕ್ಕ ಹಾಕೋಣ.