ಹೂದೋಟದ ಪ್ರಶ್ನೋತ್ತರ: ಮೇಣದ ಹೂವಿನ ಹಳೆ ತೊಟ್ಟು ಕತ್ತರಿಸಬೇಡಿ

ಪ್ರಶ್ನೆ: ಪೂರ್ವದಿಕ್ಕಿನ ಬಾಲ್ಕನಿಯಲ್ಲಿ ಮೇಣದ ಹೂವಿನ (ಹೋಯಾ ಕಾರ್ನೋಸಾ) ಬಳ್ಳಿ ಇದೆ. ಹೋದ ವರ್ಷ ಎರಡು ಗೊಂಚಲು ಬಿಟ್ಟಿತ್ತು. ಹೂ ಒಣಗಿದ ಮೇಲೆ ತೊಟ್ಟುಗಳನ್ನು ಕತ್ತರಿಸಿ, ಎಲೆಯಿಲ್ಲದೆ ಉದ್ದಕ್ಕೆ ಚಾಚಿದ್ದ ಕುಡಿಗಳನ್ನೂ ಸವರಿ, ಕೆಂಪುಮಣ್ಣು ಮತ್ತು ಸಗಣಿಗೊಬ್ಬರ ತುಂಬಿದ ದೊಡ್ಡ ಕುಂಡಕ್ಕೆ ಬದಲಾಯಿಸಿದೆವು. ದಿನಾ ನೀರು ಹಾಕುತ್ತೇವೆ. ಈ ಸಲ ಒಂದು ಮೊಗ್ಗೂ ಇಲ್ಲ, ಎಲೆ ಸುಕ್ಕುಗಟ್ಟುತ್ತಿದೆ. (ಬಸವನಗುಡಿ)

ಉತ್ತರ: ಹೋಯಾ ಗೊಂಚಲನ್ನು ಹೊರುವ ಕಿರುಕಡ್ಡಿ ಹೂ ಉದುರಿದ ಮೇಲೂ ಸಾಯುವುದಿಲ್ಲ. ಮುಂದಿನ ಸಲದ ಮೊಗ್ಗು ಅದೇ ಕಡ್ಡಿಯ ತುದಿಯಲ್ಲಿ ಮೂಡುತ್ತದೆ. ಹೂ ಬಿಟ್ಟಷ್ಟು ಸಲ ಅದು ಒಂದಿಷ್ಟು ಉದ್ದವಾಗುತ್ತದೆ, ಉದುರಿದ ಹೂಗಳ ಕಲೆ ಅದರ ಮೇಲೆ ಒತ್ತೊತ್ತಾಗಿ ಉಳಿಯುತ್ತದೆ. ನೀವು ಕತ್ತರಿಸಿದ್ದು ಅದನ್ನೇ. ಎಲೆಯಿಲ್ಲದ ಕುಡಿಗಳೂ ವ್ಯರ್ಥವಲ್ಲ. ಕಾಡಿನಲ್ಲಿ ಬಳ್ಳಿ ಮೊದಲು ಕುಡಿ ಚಾಚಿ ಆಸರೆ ಹುಡುಕುತ್ತದೆ, ಎಲೆ ಆಮೇಲೆ ಬರುತ್ತದೆ. ಕಿಟಕಿಯ ಸರಳಿಗೋ ತಂತಿಯ ಬಳೆಗೋ ಸುತ್ತಿಬಿಡಿ.

ಹೂವಿಗಿಂತ ಮೊದಲು ಬೇರನ್ನು ಉಳಿಸಿಕೊಳ್ಳಬೇಕು. ಸುಕ್ಕುಗಟ್ಟಿದ ಎಲೆ ಎರಡು ಕಾರಣಕ್ಕೆ ಕಾಣುತ್ತದೆ: ನೀರು ಸಾಲದಿದ್ದರೆ, ಇಲ್ಲವೇ ನೀರು ಹೆಚ್ಚಾಗಿ ಬೇರು ಕೊಳೆತರೆ. ಕುಂಡದೊಳಗೆ ಎರಡು ಇಂಚು ಆಳಕ್ಕೆ ಬೆರಳಿಟ್ಟು ನೋಡಿ. ಒಣಗಿದ್ದರೆ ಚೆನ್ನಾಗಿ ನೀರು ಕೊಟ್ಟ ಎರಡು ಮೂರು ದಿನದಲ್ಲಿ ಎಲೆ ಬಿಗಿಯಾಗುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತಿದೆ ಎಂದೇ ತಿಳಿಯಿರಿ. ನಿಮ್ಮ ವಿವರ ನೋಡಿದರೆ ಇದೇ ಆಗಿರಬೇಕು. ಈ ಬಳ್ಳಿಯ ಬೇರು ಮರದ ತೊಗಟೆಯ ಮೇಲೆ, ಗಾಳಿಯಾಡುವ ಜಾಗದಲ್ಲಿ ಬಾಳುವಂಥದ್ದು. ಮಳೆ ನಿಂತ ಗಂಟೆಗಳಲ್ಲಿ ಆರುವುದು ಅದಕ್ಕೆ ಅಭ್ಯಾಸ. ಕೆಂಪುಮಣ್ಣು ನೀರು ಕುಡಿದು ಗಟ್ಟಿಯಾದರೆ ಬೇರಿಗೆ ಉಸಿರು ಕಟ್ಟುತ್ತದೆ. ಸಣ್ಣ ಬೇರಿಗೆ ದೊಡ್ಡ ಕುಂಡವಾದರಂತೂ ತೇವ ಆರುವುದೇ ಇಲ್ಲ.

ಗಿಡ ಕಿತ್ತು ಮಣ್ಣು ತೊಳೆಯಿರಿ. ಕಪ್ಪಾಗಿ ಮೆತ್ತಗಾದ ಬೇರನ್ನು ಕತ್ತರಿಸಿ. ಗಟ್ಟಿ ಬೇರು ಉಳಿದಿಲ್ಲವಾದರೆ ಬಳ್ಳಿಯನ್ನು ಎರಡೆರಡು ಗೆಣ್ಣಿರುವ ತುಂಡು ಮಾಡಿ, ಸೋರುವ ಹಾಲು ಒಣಗಲು ಅರ್ಧ ದಿನ ನೆರಳಲ್ಲಿಡಿ, ಕೆಳಗಿನ ಗೆಣ್ಣು ಹೂತುಹೋಗುವಂತೆ ನೆಡಿ. ಆ ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿಯುತ್ತದೆ, ಕೈ ತೊಳೆದುಕೊಳ್ಳಿ. ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ನಾಲ್ಕು ಇಂಚಿನ ಕುಂಡ ಸಾಕು. ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು, ಇದ್ದಿಲಿನ ಚೂರು ಅರ್ಧ ಪಾಲು, ವರ್ಮಿಕಾಂಪೋಸ್ಟ್ ಅರ್ಧ ಪಾಲು ಬೆರೆಸಿ. ಸಿಪ್ಪೆಯಲ್ಲಿ ಉಪ್ಪಿರುತ್ತದೆ, ರಾತ್ರಿಯಿಡೀ ನೆನೆಸಿ ಎರಡು ಸಲ ನೀರು ಬದಲಿಸಿದ ಮೇಲೆ ಬಳಸಿ.

ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಡಿಸೆಂಬರ್–ಜನವರಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು ಎಂಬುದು ಅಂದಾಜು. ಬೆರಳಿನ ಪರೀಕ್ಷೆಯೇ ನಿಜವಾದ ಅಳತೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬೆಂಗಳೂರಿನ ಸಂಜೆಮಳೆಗೆ ಬಾಲ್ಕನಿ ನೆನೆಯುತ್ತದೆ, ಆಗ ಕುಂಡವನ್ನು ಒಳಗೆಳೆಯಿರಿ. ಹೊಸ ಎಲೆ ಬಂದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕದಡಿ ಮೂರು ವಾರಕ್ಕೊಮ್ಮೆ ಹಾಕಿ. ಯೂರಿಯಾ ಬೇಡ, ಎಲೆ ಮಾತ್ರ ಸೊಂಪಾಗುತ್ತದೆ. ಬೆಳಗಿನ ಎರಡು ಮೂರು ಗಂಟೆ ಬಿಸಿಲು ಬೇಕೇ ಬೇಕು. ತುಂಡಿನಿಂದ ಬೆಳೆದ ಗಿಡ ಹೂ ಬಿಡಲು ಎರಡು ಮೂರು ವರ್ಷ ಹಿಡಿಯಬಹುದು. ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಬೇಡಿ, ಪೂರ್ತಿ ಒಣಗಲೂ ಬಿಡಬೇಡಿ. ಮೊಗ್ಗು ಹಳದಿಯಾಗಿ ಉದುರುವುದು ಹೆಚ್ಚಾಗಿ ಈ ಎರಡರಿಂದಲೇ.

ಪ್ರಶ್ನೆ: ಹಿತ್ತಿಲ ಮಾವಿನ ಮರಕ್ಕೆ ಹೋಯಾ ಹಬ್ಬಿಸಬಹುದೇ? ಬದನಿಕೆಯ ಹಾಗೆ ಮರದ ಸಾರ ಹೀರುವುದಿಲ್ಲವೇ? (ಯಲಹಂಕ)

ಉತ್ತರ: ಹೀರುವುದಿಲ್ಲ. ಬದನಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ನೀರು, ಲವಣ ಕದಿಯುತ್ತದೆ. ಹೋಯಾ ಸೀತಾಳೆ ದಂಡೆಯಂತೆ ತೊಗಟೆಯನ್ನು ಹಿಡಿದುಕೊಳ್ಳುವುದಷ್ಟೇ. ಮಾವಿನ ಒರಟು ತೊಗಟೆ ಅದಕ್ಕೆ ಒಪ್ಪುತ್ತದೆ. ಸೀಬೆ ಮರ ಬೇಡ, ತೊಗಟೆ ಸುಲಿದು ಬೀಳುವಾಗ ಬಳ್ಳಿಯೂ ಬೀಳುತ್ತದೆ. ಜೂನ್‌ನಲ್ಲಿ, ಬೇರು ಬಂದ ತುಂಡನ್ನು ತೆಂಗಿನ ನಾರಿನ ಸಮೇತ ಹತ್ತಿಯ ದಾರದಿಂದ ಕಟ್ಟಿ. ಪ್ಲಾಸ್ಟಿಕ್ ದಾರ ಕಾಂಡವನ್ನು ಕೊಯ್ಯುತ್ತದೆ. ಮೊದಲ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಚಿಮುಕಿಸಿ.

ಪಶ್ಚಿಮಘಟ್ಟದಲ್ಲಿ ಹೋಯಾ ವೈಟಿಯೈ, ಹೋಯಾ ಪೌಸಿಫ್ಲೋರಾ ಎಂಬ ನಮ್ಮವೇ ಪ್ರಭೇದಗಳಿವೆ. ದಯವಿಟ್ಟು ಅವನ್ನು ಕಾಡಿನಿಂದ ಕಿತ್ತು ತರಬೇಡಿ. ನರ್ಸರಿಯ ಗಿಡವೇ ಸಾಕು.

ಪ್ರಶ್ನೆ: ಇಷ್ಟು ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲವೇಕೆ? ಚಿಗುರಿಗೆ ಹಳದಿ ಹೇನು ಬೇರೆ ಮುತ್ತುತ್ತಿದೆ. (ಮಲ್ಲೇಶ್ವರ)

ಉತ್ತರ: ಎರಡಕ್ಕೂ ಎಕ್ಕದ ನಂಟಿದೆ. ಹೋಯಾ ಎಕ್ಕದ ಕುಟುಂಬದ್ದೇ. ಹೂವಿನ ನಡುವಿನ ನಕ್ಷತ್ರದಲ್ಲಿ ಐದು ಸೀಳುಗಳಿವೆ. ಪರಾಗ ಇಲ್ಲಿ ಪುಡಿಯಾಗಿರುವುದಿಲ್ಲ. ಮೇಣದಂಥ ಎರಡು ಗಂಟುಗಳು ಒಂದು ಪುಟ್ಟ ಕೊಂಡಿಗೆ ಜೋಡಿಯಾಗಿರುತ್ತವೆ. ಜೇನು ಹೀರಲು ಬಂದ ಕೀಟದ ಕಾಲು ಸೀಳಿಗೆ ಜಾರಿದರೆ ಕೊಂಡಿ ಸಿಕ್ಕಿಕೊಳ್ಳುತ್ತದೆ. ಅದೇ ಕಾಲು ಇನ್ನೊಂದು ಹೂವಿನ ಸೀಳಿಗೆ ಇಳಿದರೆ ಮಾತ್ರ ಗಂಟು ಅಲ್ಲಿ ಉಳಿಯುತ್ತದೆ. ಜಪಾನಿನ ಅಮಾಮಿ ದ್ವೀಪದಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ಇರುಳಿನ ದೊಡ್ಡ ಪತಂಗಗಳು ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಸಂಜೆಯ ಮೇಲೆ ಕಂಪು ಏರುವುದು ಇದಕ್ಕೇ. ಬಾಲ್ಕನಿಯ ಒಂಟಿ ಬಳ್ಳಿಗೆ ಇಂಥ ಯೋಗ ಅಪರೂಪ. ಕಾಯಿ ಕಟ್ಟಿದರೆ ತೆಳ್ಳಗೆ ಉದ್ದವಾಗಿರುತ್ತದೆ. ಒಡೆಯುವ ಮೊದಲು ಬಲೆಬಟ್ಟೆ ಕಟ್ಟಿ, ಇಲ್ಲವಾದರೆ ಅರಳೆಯಂಥ ಕೂದಲಿನ ಬೀಜ ಗಾಳಿಗೆ ಹಾರುತ್ತದೆ. ಸಿಕ್ಕ ವಾರದಲ್ಲೇ ಬಿತ್ತಿ.

ಆ ಹಳದಿ ಹೇನು ಎಕ್ಕ, ಕಣಗಿಲೆಗಳ ಮೇಲೂ ಇರುವಂಥದ್ದು. ಹತ್ತಿರ ಕಣಗಿಲೆ ಇದ್ದರೆ ಅದನ್ನೂ ನೋಡಿ. ಮೊದಲು ನೀರಿನ ರಭಸಕ್ಕೆ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಒಂದು ಮಿಲಿ ಸೋಪಿನ ದ್ರಾವಣ ಕಲಕಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಅರಳಿದ ಗೊಂಚಲಿಗೆ ತಾಗಿಸಬೇಡಿ. ಎಲೆಯ ಬುಡದಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ.

ಪ್ರಶ್ನೆ: ಹೃದಯದಾಕಾರದ ಒಂಟಿ ಎಲೆಯ ಹೋಯಾ ತಂದು ವರ್ಷವಾಯಿತು. ಚಿಗುರೇ ಇಲ್ಲ. (ಜಯನಗರ)

ಉತ್ತರ: ಅದು ಹೋಯಾ ಕೆರ್ರಿಯೈ. ಬರೀ ಎಲೆಗೆ ಬೇರು ಬರುತ್ತದೆ, ಆದರೆ ಚಿಗುರೊಡೆಯುವ ಮೊಗ್ಗು ಇರುವುದು ಕಾಂಡದ ಗೆಣ್ಣಿನಲ್ಲಿ. ಎಲೆಯ ಬುಡದಲ್ಲಿ ಕಾಂಡದ ತುಣುಕು ಇದೆಯೇ ಎಂದು ಮಣ್ಣು ಸರಿಸಿ ನೋಡಿ. ಇಲ್ಲದಿದ್ದರೆ ಆ ಎಲೆ ಕೆಲ ವರ್ಷ ಹಸಿರಾಗಿದ್ದೀತು, ಬಳ್ಳಿಯಾಗದು. ಮುಂದಿನ ಸಲ ಎರಡು ಎಲೆ, ಒಂದು ಗೆಣ್ಣು ಇರುವುದನ್ನೇ ಕೊಳ್ಳಿ.